ಹಳೇ ಟ್ರಾಕ್ಟರು ಗಟ್ಟಿ ಅನ್ನೋದು ಅರ್ಧ ಸುಳ್ಳು

ಈ ಕಡೆ ತಲೆ ಹಾಕದೆ ತುಂಬಾ ದಿನ ಆಯ್ತು. ಈ ಸಲ ಕಾರಣ ಸೋಮಾರಿತನ ಅಲ್ಲ, ಕೈ ತುಂಬಾ ಗ್ರೀಸು :)

ಹೋದ ವರ್ಷ ಬೇಸಿಗೆಯಲ್ಲಿ ಒಂದು ಹಳೇ ಗಾರ್ಡನ್ ಟ್ರಾಕ್ಟರ್ ತಗೊಂಡೆ. ನಾನಿರೋದು ಅಮೆರಿಕದ ಇಂಡಿಯಾನಾದಲ್ಲಿ. ಬಾಡಿಗೆ ಮನೆ, ಸುತ್ತ ಅರ್ಧ ಎಕರೆ ಹುಲ್ಲು. ಹುಲ್ಲು ಕತ್ತರಿಸೋದು ಬಾಡಿಗೆಗೆ ಇರೋನ ಜವಾಬ್ದಾರಿ ಅಂತ ಕರಾರಿನಲ್ಲೇ ಬರೆದಿದೆ. ಎರಡು ಬೀದಿ ಆಚೆ ಒಬ್ಬ ಅಜ್ಜ ಗ್ಯಾರೇಜ್ ಖಾಲಿ ಮಾಡ್ತಿದ್ರು. ಮೂಲೆಯಲ್ಲಿ ಕೆಂಪು ಬಣ್ಣ ಮಾಸಿದ, ಟೈರ್ ಗಾಳಿ ಇಳಿದ ಒಂದು ವೀಲ್ ಹಾರ್ಸ್. 1970ರ ದಶಕದ್ದು, ನನಗಿಂತ ಇಪ್ಪತ್ತು ವರ್ಷ ದೊಡ್ಡದು. 200 ಡಾಲರ್ ಅಂದ್ರು. ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಮ್ಯಾನ್ಯುಯಲ್ಲು, ಪಾರ್ಟ್ಸ್ ಪಟ್ಟಿ. "ಟ್ರಾಕ್ಟರ್ ಹಾಳಾದ್ರೂ ಪರವಾಗಿಲ್ಲ, ಈ ಕಾಗದ ಕಳ್ಕೋಬೇಡ" ಅಂದ್ರು. ಆಗ ನಗು ಬಂತು. ಈಗ ಬರಲ್ಲ.

ಗಾರ್ಡನ್ ಟ್ರಾಕ್ಟರ್ ಅಂದ್ರೆ ನಮ್ಮೂರಲ್ಲಿ ಗದ್ದೆ ಉಳೋ ಟ್ರಾಕ್ಟರ್ ಅಲ್ಲ, ಬರೀ ಹುಲ್ಲು ಕತ್ತರಿಸೋ ಮಶೀನೂ ಅಲ್ಲ. ಎರಡರ ಮಧ್ಯದ್ದು. ಹೊಟ್ಟೆ ಕೆಳಗೆ ಹುಲ್ಲಿನ ಬ್ಲೇಡು, ಬೇಕಾದ್ರೆ ಹಿಂದೆ ಸಣ್ಣ ನೇಗಿಲು, ಚಳಿಗಾಲದಲ್ಲಿ ಮುಂದೆ ಹಿಮ ತಳ್ಳೋ ತಗಡು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನ ಊರಾಚೆ ದೊಡ್ಡ ಸೈಟಿನಲ್ಲಿ ಮನೆ ಕಟ್ಟಿಕೊಂಡ್ರಲ್ಲ, ಅವರಿಗೆ ಅಂತ ಬಂದದ್ದು. ವೀಲ್ ಹಾರ್ಸ್ ಇದೇ ರಾಜ್ಯದ ಸೌತ್ ಬೆಂಡ್‌ನಲ್ಲಿ ಎಲ್ಮರ್ ಪಾಂಡ್ ಮತ್ತವರ ಮಗ ಸೆಸಿಲ್ ಪಾಂಡ್ 1946ರಲ್ಲಿ ಶುರು ಮಾಡಿದ ಕಂಪನಿ. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರ ಕಬ್ ಕೆಡೆಟ್ ಬಂತು, 1963ರಲ್ಲಿ ಜಾನ್ ಡೀರ್ 110 ಬಂತು. ವೀಲ್ ಹಾರ್ಸ್ ಕಂಪನಿ 1974ರಲ್ಲಿ ಅಮೆರಿಕನ್ ಮೋಟರ್ಸ್ ಕೈಗೆ, 1986ರಲ್ಲಿ ಟೊರೊ ಕೈಗೆ ಹೋಯ್ತು. ಕಂಪನಿ ಹೋದ್ರೂ ಅದರ ಟ್ರಾಕ್ಟರುಗಳು ಇಲ್ಲಿ ಇನ್ನೂ ಹುಲ್ಲು ಕತ್ತರಿಸ್ತಾ ಇವೆ.

ಯಾಕೆ ಅಂತ ಯಾರನ್ನ ಕೇಳಿದ್ರೂ ಒಂದೇ ಉತ್ತರ. "ಆಗಿನ ಕಾಲದ್ದು ಗಟ್ಟಿ ಮಾರಾಯಾ, ಈಗಿನದೆಲ್ಲ ಪ್ಲಾಸ್ಟಿಕ್ಕು." ನಮ್ಮಲ್ಲೂ ಅಂಬಾಸಿಡರ್ ಬಗ್ಗೆ, ಹಳೇ ಗೋಡ್ರೆಜ್ ಬೀರು ಬಗ್ಗೆ ಇದೇ ಮಾತು. ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದು ವರ್ಷ ಅದರ ಹೊಟ್ಟೆ ಒಳಗೆ ಕೈ ಹಾಕಿದ ಮೇಲೆ ನಂಬಿಕೆ ಹೋಯ್ತು. ಇವು ಚೆನ್ನಾಗಿ ಕೆಡ್ತವೆ. ಮತ್ತೆ ಮತ್ತೆ ಕೆಡ್ತವೆ. ಕೆಟ್ಟಾಗ ಸರಿ ಮಾಡಕ್ಕೆ ಆಗತ್ತೆ, ಅದಕ್ಕೇ ಉಳಿದಿವೆ.

ನನ್ನದರ ಇಂಜಿನ್ ಕೊಹ್ಲರ್ ಕೆ181. ಒಂದೇ ಸಿಲಿಂಡರ್, 305 ಸಿಸಿ, 8 ಎಚ್‌ಪಿ. ನಮ್ಮ ಬುಲೆಟ್ 350ಕ್ಕಿಂತ ಸ್ವಲ್ಪ ಚಿಕ್ಕದು. ಬ್ಲಾಕು ಬೀಡಿನದು, ನಿಜವಾಗಿ ಗಟ್ಟಿ. ಆದ್ರೆ ಒಳಗಿನ ಕನೆಕ್ಟಿಂಗ್ ರಾಡ್ ಅಲ್ಯುಮಿನಿಯಂದು, ಆಯಿಲ್ ಪಂಪ್ ಇಲ್ಲವೇ ಇಲ್ಲ. ರಾಡಿನ ತುದಿಯಲ್ಲಿರೋ ಒಂದು ಸಣ್ಣ ಚಮಚದಂಥದ್ದು ಆಯಿಲ್‌ನಲ್ಲಿ ಮುಳುಗಿ ಎರಚತ್ತೆ, ಅಷ್ಟೇ ಲೂಬ್ರಿಕೇಶನ್. ಆಯಿಲ್ ಕಮ್ಮಿ ಇದ್ದಾಗ ದಿಬ್ಬದಲ್ಲಿ ಓಡಿಸಿದ್ರೆ ರಾಡ್ ತುಂಡಾಗಿ ಬ್ಲಾಕನ್ನೇ ಒಡ್ಕೊಂಡು ಆಚೆ ಬರತ್ತೆ. ಇದರ ಅಣ್ಣಂದಿರು ಕೆ241, ಕೆ301, ಕೆ321 ಇನ್ನೂ ಮಜಾ. ಇಂಜಿನ್ ಅಲುಗಾಡಬಾರದು ಅಂತ ಒಳಗೆ ಬ್ಯಾಲೆನ್ಸ್ ಗೇರ್ ಅಂತ ಇಟ್ರು. ಅವು ಸವೆದು ಮುರಿದ್ರೆ ಇಂಜಿನ್ ಕಥೆ ಮುಗೀತು. ರಿಪೇರಿ ಮಾಡೋರು ಇಂಜಿನ್ ಬಿಚ್ಚಿದ ಕೂಡಲೆ ಮೊದಲು ಆ ಗೇರ್ ಕಿತ್ತು ಎಸೀತಾರೆ. ಕಂಪನಿ ಇಟ್ಟ ಭಾಗ ತೆಗೆದು ಬಿಸಾಕಿದ್ರೆ ಆಯಸ್ಸು ಜಾಸ್ತಿ ಆಗೋ ವಸ್ತುವನ್ನ ಗಟ್ಟಿ ಅಂತ ಹೇಗೆ ಹೇಳೋದು?

ಆದ್ರೆ ನೋಡಿ, ಸಿಲಿಂಡರ್ ಸವೀತು ಅನ್ನಿ. ಲೇತ್ ಅಂಗಡಿಗೆ ಒಯ್ದು ಬೋರ್ ಮಾಡಿಸಬಹುದು. ಅದಕ್ಕೆ ತಕ್ಕ 10, 20, 30 ಥೌ ದೊಡ್ಡ ಪಿಸ್ಟನ್ ಸಿಗತ್ತೆ. ಎಷ್ಟು ಸವೆದ್ರೆ ಬೋರ್ ಮಾಡಿಸಬೇಕು ಅಂತ ಮ್ಯಾನ್ಯುಯಲ್‌ನಲ್ಲೇ ಅಳತೆ ಇದೆ. ಅಂದ್ರೆ ಇಂಜಿನ್ ಮಾಡಿದವನಿಗೆ, ಇದು ಒಂದು ದಿನ ಸವೆಯತ್ತೆ, ಯಾರೋ ಒಬ್ಬ ಇದನ್ನ ಬಿಚ್ಚುತ್ತಾನೆ ಅಂತ ಗೊತ್ತಿತ್ತು. ಆ ಯಾರೋ ಒಬ್ಬನಿಗೆ ಅಂತ ಬರೆದಿಟ್ಟ. ಇದೇ ಕೊಹ್ಲರ್ ಕೆ ಇಂಜಿನ್ ವೀಲ್ ಹಾರ್ಸ್‌ನಲ್ಲೂ ಇತ್ತು, ಕಬ್ ಕೆಡೆಟ್‌ನಲ್ಲೂ ಇತ್ತು, ಜಾನ್ ಡೀರ್‌ನಲ್ಲೂ ಇತ್ತು. ಒಂದು ಟ್ರಾಕ್ಟರ್ ಗುಜರಿಗೆ ಹೋದ್ರೆ ಬೇರೆ ಕಂಪನಿಯ ಇನ್ನೊಂದಕ್ಕೆ ಜೀವ ಬಂತು.

ಮೊದಲ ದಿನ ಸ್ಟಾರ್ಟ್ ಆಗಲಿಲ್ಲ. ಸ್ಪಾರ್ಕ್ ಇಲ್ಲ. ಹಳೇ ಬಜಾಜ್ ಸ್ಕೂಟರ್, ಯೆಜ್ಡಿ ಇಟ್ಟಿದ್ದವರಿಗೆ ಪಾಯಿಂಟ್ ಅಂದ್ರೆ ಗೊತ್ತಿರತ್ತೆ, ನನಗೆ ಗೊತ್ತಿರಲಿಲ್ಲ. ಇಂಜಿನಿಯರಿಂಗ್‌ನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಚಿತ್ರ ಬರೆದು ಮಾರ್ಕ್ಸೂ ತಗೊಂಡಿದ್ದೆ, ಕಣ್ಣಲ್ಲಿ ನೋಡಿರಲಿಲ್ಲ :) ಮುಚ್ಚಳ ಬಿಚ್ಚಿ, ಪಾಯಿಂಟ್ ಉಜ್ಜಿ, ಫೀಲರ್ ಗೇಜ್ ಇಟ್ಟು 20 ಥೌ ಅಂತರ ಇಟ್ಟೆ. ಅರ್ಧ ಮಿಲಿಮೀಟರ್. ಕಾರ್ಬೊರೇಟರಿನಲ್ಲಿ ಹಳೇ ಪೆಟ್ರೋಲು ಒಣಗಿ ವಾರ್ನಿಶ್ ಥರ ಕೂತಿತ್ತು, ಅದನ್ನೂ ತೊಳೆದೆ. ನಾಲ್ಕನೇ ಸಲ ಕೀ ತಿರುಗಿಸಿದಾಗ ಒಂದು ಸಲ ಕೆಮ್ಮಿ, ಗ್ಯಾರೇಜ್ ತುಂಬಾ ಬಿಳಿ ಹೊಗೆ ಬಿಟ್ಟು ಶುರು ಆಯ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಏಳು ವರ್ಷ ಕೋಡ್ ಬರೆದಿದೀನಿ, ಯಾವ ರಿಲೀಸ್ ದಿನವೂ ಹಾಗಾಗಿಲ್ಲ.

ಗೇರ್ ಬಾಕ್ಸಿನದು ಬೇರೆ ಕಥೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದು ವರ್ಷಗಟ್ಟಲೆ ಮಳೆ ನೀರು ಒಳಗೆ ಇಳಿದಿತ್ತು. ಡ್ರೈನ್ ಬೋಲ್ಟ್ ಬಿಚ್ಚಿದ್ರೆ ಹಾಲು ಹಾಕಿದ ಕಾಫಿ ಸುರೀತು. ಹಿಂದಿನ ಆಕ್ಸಲ್ ಆಯಿಲ್ ಸೀಲ್ ಎರಡೂ ಸೋರ್ತಿತ್ತು. ಸೀಲ್ ಬದಲಾಯಿಸಬೇಕಾದ್ರೆ ಚಕ್ರದ ಹಬ್ ಹೊರಗೆ ಬರಬೇಕು. ಹಬ್ಬನ್ನ ಹಿಡಿದಿರೋದು ಅರ್ಧಚಂದ್ರದ ಥರದ ಒಂದು ಕೀ, ಒಂದು ಸೆಟ್ ಸ್ಕ್ರೂ. ಇಷ್ಟೇನಾ ಅಂದ್ಕೊಂಡೆ. ಐವತ್ತು ವರ್ಷದ ತುಕ್ಕು ಹಬ್ಬನ್ನೂ ಆಕ್ಸಲನ್ನೂ ಒಂದೇ ಮಾಡಿಬಿಟ್ಟಿತ್ತು. ಸುತ್ತಿಗೆ ತಗೊಂಡು ಬಡಿಯೋಣ ಅನ್ಸತ್ತೆ, ಬಡೀಬೇಡಿ. ಪೆಟ್ಟು ಹೋಗೋದು ಒಳಗಿನ ಡಿಫರೆನ್ಶಿಯಲ್ಲಿಗೆ. ದಪ್ಪ ಸ್ಟೀಲ್ ತಗಡಿಗೆ ತೂತು ಹೊಡೆದು ಒಂದು ಪುಲ್ಲರ್ ಮಾಡ್ಕೊಂಡೆ. ತುಕ್ಕು ಬಿಡಿಸೋ ಎಣ್ಣೆ ಬಿಡೋದು, ಬಿಸಿ ಮಾಡೋದು, ಬೋಲ್ಟ್ ಕಾಲು ಸುತ್ತು ಬಿಗಿ ಮಾಡೋದು, ಮಲಗೋದು. ಮೂರನೇ ರಾತ್ರಿ ಊಟ ಮಾಡ್ತಿದ್ದಾಗ ಗ್ಯಾರೇಜಿಂದ ಗುಂಡು ಹೊಡೆದ ಹಾಗೆ ಶಬ್ದ. ಎಡಗಡೆ ಹಬ್ ಸಡಿಲ ಆಗಿತ್ತು.

ಹೊಸ ಸೀಲನ್ನ ಅದರ ಮೇಲಿನ ನಂಬರ್ ಹೇಳಿ ಸಾಮಾನ್ಯ ಬೇರಿಂಗ್ ಅಂಗಡಿಯಲ್ಲಿ ತಂದೆ. ಅಜ್ಜನ ಕಾಗದದ ಬೆಲೆ ಗೊತ್ತಾಗಿದ್ದು ಆವಾಗ. ನಂಬರ್ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ನಾವು ಯೋಚನೆ ಮಾಡಲ್ಲ. 6205 ಅಂತ ಬೇರಿಂಗ್ ಕೇಳಿದ್ರೆ ಒಳಗೆ 25, ಹೊರಗೆ 52, ಅಗಲ 15 ಮಿಲಿಮೀಟರ್. ಸೌತ್ ಬೆಂಡ್‌ನಲ್ಲೂ ಅದೇ, ಬೆಂಗಳೂರಿನ ಜೆ.ಸಿ. ರೋಡಿನಲ್ಲೂ ಅದೇ. ಯಾರ ಅಪ್ಪಣೆಯೂ ಬೇಡ.

ಹಳೇದೆಲ್ಲ ಒಳ್ಳೇದು ಅಂತ ಹಾಡಕ್ಕೆ ಬಂದವನಲ್ಲ ನಾನು. ಈಗಿನ ಮಶೀನಿನಲ್ಲಿ ಸೀಟಿಂದ ಎದ್ದ ಕೂಡಲೆ ಇಂಜಿನ್ ನಿಲ್ಲತ್ತೆ. ನನ್ನದರಲ್ಲಿ ಅದು ಇರಲಿಲ್ಲ, ಬಿದ್ದವನ ಪಕ್ಕದಲ್ಲೇ ಬ್ಲೇಡು ತಿರುಗ್ತಾ ಇರತ್ತೆ. ಸೀಟಿನ ಕೆಳಗೆ ಒಂದು ಸ್ವಿಚ್ ಕೂರಿಸಿ ಕಾಯಿಲ್‌ಗೆ ಹೋಗೋ ತಂತಿಗೆ ಸೇರಿಸಿದೆ. ಒಬ್ಬ ಟ್ರಾಕ್ಟರ್ ಪ್ರೇಮಿ ನೋಡಿ, ಒರಿಜಿನಲ್ ಕೆಡಿಸಿದೆಯಲ್ಲಪ್ಪಾ ಅಂತ ಮುಖ ಸಿಂಡರಿಸಿದರು. ಇವರು ಸ್ಕ್ರೂ ಕೂಡ ಆ ವರ್ಷದ್ದೇ ಹುಡುಕಿ ಹಾಕ್ತಾರೆ, ಕನ್ನಡಿ ಥರ ಪೇಂಟ್ ಮಾಡ್ತಾರೆ, ಆಮೇಲೆ ಹುಲ್ಲಿನ ಮೇಲೆ ಇಳಿಸಲ್ಲ, ಗೀರು ಬೀಳತ್ತೆ ಅಂತ. ಅವರ ದುಡ್ಡು, ಅವರ ಖುಷಿ. ಆದ್ರೆ ಅದು ನನಗೆ ರಿಪೇರಿ ಅನ್ಸಲ್ಲ, ತಿಥಿ ಅನ್ಸತ್ತೆ. ನನ್ನದಕ್ಕೆ ಪೇಂಟ್ ಮಾಡಿಲ್ಲ, ಮಾಡೋದೂ ಇಲ್ಲ.

ಈಗ ನನ್ನ ಹೊಟ್ಟೆಯಲ್ಲಿ ಕೂತಿರೋ ವಿಷಯಕ್ಕೆ ಬರ್ತೀನಿ.

ನಾನು ಕೆಲಸ ಮಾಡೋ ಕಡೆ ನೀರಿನ ಪಂಪುಗಳಿಗೆ ಕೂರಿಸೋ ಕಂಟ್ರೋಲರ್ ಮಾಡ್ತಾರೆ. ಎರಡು ವರ್ಷದ ಕೆಳಗೆ ಅದರಲ್ಲಿ ಒಂದು ಫೀಚರ್ ನಾನೇ ಬರೆದೆ. ಸೆನ್ಸರ್ ಬದಲಾಯಿಸಿದ್ರೆ ಕಂಟ್ರೋಲರ್ ಅದರ ಸೀರಿಯಲ್ ನಂಬರ್ ನೋಡತ್ತೆ. ಪಟ್ಟಿಯಲ್ಲಿ ಇಲ್ಲ ಅಂದ್ರೆ ಪಂಪ್ ಓಡಲ್ಲ. ನಮ್ಮ ಟೆಕ್ನೀಷಿಯನ್ ಲ್ಯಾಪ್‌ಟಾಪ್ ಹಿಡ್ಕೊಂಡು ಹೋಗಿ ಒಪ್ಪಿಗೆ ಕೊಡಬೇಕು. ನಮ್ಮದೇ ಕಂಪನಿಯ, ಅದೇ ಮಾಡೆಲ್ ಸೆನ್ಸರ್ ಆದ್ರೂ ಅಷ್ಟೇ. ಎರಡೇ ದಿನದ ಕೆಲಸ, ಶಹಬ್ಬಾಸ್‌ಗಿರಿನೂ ಸಿಕ್ಕಿತ್ತು. ನಕಲಿ ಸೆನ್ಸರ್ ಬಂದ್ರೆ ಪಂಪ್ ಸುಟ್ಟುಹೋಗತ್ತೆ ಅನ್ನೋದು ಕಾರಣ. ಅದರಲ್ಲಿ ಸುಳ್ಳಿಲ್ಲ. ಆದ್ರೆ ಅದಕ್ಕೆ ಒಂದು ಎಚ್ಚರಿಕೆ ಕೊಟ್ಟು, ಮಾಲೀಕನೇ ಒಪ್ಪಿ ಮುಂದೆ ಹೋಗೋ ಹಾಗೆ ಮಾಡಿದ್ರೆ ಸಾಕಿತ್ತಲ್ಲ? ಆಗ ಹೊಳೆಯಲೇ ಇಲ್ಲ. ಮಧ್ಯರಾತ್ರಿ ಹಬ್ಬಿಗೆ ಎಣ್ಣೆ ಬಿಡ್ತಾ ಕೂತಾಗ ಹೊಳೀತು. ಐವತ್ತು ವರ್ಷ ಆದ ಮೇಲೆ ನಾನು ಬರೆದಿದ್ದನ್ನ ಯಾರಾದ್ರೂ ಬಿಚ್ಚಿದ್ರೆ ಒಳಗೆ ಏನು ಸಿಗತ್ತೆ? ಸರ್ವರ್ ಇರಲ್ಲ, ಲ್ಯಾಪ್‌ಟಾಪ್ ಇರಲ್ಲ, ಕಂಪನಿ ಇರತ್ತೋ ಇಲ್ವೋ. ವೀಲ್ ಹಾರ್ಸ್ ಕಂಪನಿ ಇಲ್ಲ, ಟ್ರಾಕ್ಟರ್ ಇದೆ. ನಮ್ಮದು ಅದರ ತದ್ವಿರುದ್ಧ, ಪಂಪ್ ಚೆನ್ನಾಗಿರತ್ತೆ, ಓಡಲ್ಲ.

ಇದು ನಮ್ಮೊಬ್ಬರ ರೋಗ ಅಲ್ಲ. ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳ ರಿಪೇರಿ ಹಕ್ಕಿಗೆ ಕಾನೂನು ಮಾಡಿತು, 2024ರ ಜನವರಿಯಿಂದ ಜಾರಿ. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜಾನ್ ಡೀರ್ ಕಂಪನಿ ಮೇಲೆ ಕೇಸು ಹಾಕಿತು, ರಿಪೇರಿಗೆ ಬೇಕಾದ ಪೂರ್ತಿ ಸಾಫ್ಟ್‌ವೇರ್ ಡೀಲರುಗಳಿಗೆ ಮಾತ್ರ ಕೊಡ್ತಾರೆ ಅನ್ನೋ ಆರೋಪದ ಮೇಲೆ. ಅದೇ ಕಂಪನಿ 1963ರಲ್ಲಿ ಮಾಡಿದ 110ನ್ನ ಇವತ್ತೂ ಒಂದು ಪೆಟ್ಟಿಗೆ ಪಾನಾ ಇಟ್ಕೊಂಡು ಮನೆಯಲ್ಲೇ ಬಿಚ್ಚಿ ಜೋಡಿಸಬಹುದು. ಭಾರತದಲ್ಲೂ 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆ ಅಂತ ಒಂದು ಪೋರ್ಟಲ್ ಶುರು ಮಾಡಿತು, ಅದರಲ್ಲಿ ಕೃಷಿ ಉಪಕರಣಗಳೂ ಇವೆ. ಕಂಪನಿಗಳು ಮಾಹಿತಿಯನ್ನ ತಾವಾಗೇ ಹಾಕ್ಲಿ ಅಂತ ಕಾಯೋದಕ್ಕಿಂತ ಕೊಲೊರಾಡೊ ಥರ ಕಾನೂನು ಮಾಡೋದೇ ಸರಿ ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ಒಳಗಿಂದ ನೋಡಿದೀನಿ. ಬೀಗ ಹಾಕು ಅಂತ ಯಾರೋ ದುಷ್ಟ ಕೂತು ಹೇಳಲ್ಲ. ಒಂದು ಮೀಟಿಂಗು, ಒಂದು ಟಿಕೆಟ್ಟು, ನನ್ನಂಥವನೊಬ್ಬ, ಎರಡು ದಿನ. ಬೇಡ ಅನ್ನಕ್ಕೆ ಆ ಕೋಣೆಯಲ್ಲಿ ಯಾರಿಗೂ ಕಾರಣ ಇರಲ್ಲ.

ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಟ್ರಾಕ್ಟರ್ ವಿಡಿಯೋ ತೋರಿಸ್ದೆ. ಪೂರ್ತಿ ನೋಡಿ, "ಅಲ್ವೋ, ಕೊಟ್ಟಿಗೆ ಪಕ್ಕ ನಮ್ ಟಿಲ್ಲರ್ ನಿಂತು ಆರು ವರ್ಷ ಆಯ್ತು. ರಜಕ್ಕೆ ಬಂದಾಗ ಒಂದಿನ ಮುಟ್ಲಿಲ್ಲ. ಅಲ್ಲಿ ಯಾರ್ದೋ ಟ್ರಾಕ್ಟರ್ ರಿಪೇರಿ ಮಾಡಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಂದ್ರು. ಉತ್ತರ ಇರಲಿಲ್ಲ. ಇಂಜಿನ್ ಮೇಲಿನ ನಂಬರ್ ಪ್ಲೇಟ್ ಫೋಟೋ ಕಳಿಸಿ ಅಂದೆ. ಕಳಿಸಿದ್ರು. ಪ್ಲೇಟ್ ಮೇಲೆ ಕೋಳಿ ಹಿಕ್ಕೆ, ಆದ್ರೆ ನಂಬರ್ ಓದಕ್ಕೆ ಬರತ್ತೆ. ಡಿಸೆಂಬರ್‌ಗೆ ಟಿಕೆಟ್ ನೋಡ್ತಿದೀನಿ.

ಆಫೀಸಿನಲ್ಲಿ ಸೋಮವಾರ ಒಂದು ಮೇಲ್ ಹಾಕಿದೆ, ಆ ಸೆನ್ಸರ್ ಬೀಗ ತೆಗೆದು ಎಚ್ಚರಿಕೆ ಮಾತ್ರ ಇಡೋಣ, ಕೋಡ್ ನಾನೇ ಬರೀತೀನಿ ಅಂತ. ಮುಂದಿನ ತ್ರೈಮಾಸಿಕದಲ್ಲಿ ನೋಡೋಣ ಅಂತ ಉತ್ತರ ಬಂತು. ಈ ಭಾಷೆಯ ಅರ್ಥ ನಮ್ಮ ಫೀಲ್ಡಿನವರಿಗೆ ಹೇಳಬೇಕಾಗಿಲ್ಲ. ಇನ್ನೊಂದು ಸಲ ಕೇಳ್ತೀನಿ.

ಬಲಗಡೆ ಹಬ್ ಇನ್ನೂ ಅಲ್ಲಾಡಿಲ್ಲ. ಇವತ್ತು ರಾತ್ರಿ ಇನ್ನೊಂದು ಕಾಲು ಸುತ್ತು.