ಅಗ್ಗದ ಟೈರಿನ ಬೆಲೆ ತೆರುವವರು ಯಾರು?

ಕಳೆದ ಭಾನುವಾರ ನಮ್ಮ ಊರಿನ ಲಾರಿ ಸ್ಟ್ಯಾಂಡಿನಲ್ಲಿ ಚಾಲಕ ಬಂಧುಗಳೊಡನೆ ಕುಳಿತು ಟೈರಿನ ವಿಚಾರ ಮಾತಾಡಿದೆವು. ಕಾರ್ಮಿಕರ ಪತ್ರಿಕೆಗೆ ಟೈರಿನ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಗಿರಣಿಯ ಹತ್ತಿಯೂ ಅಂಗಡಿಯ ಅಕ್ಕಿ ಮೂಟೆಯೂ ಊರಿಗೆ ಬರುವುದು ಅದರ ಮೇಲೆಯೇ. ಅದು ಸಿಡಿದಾಗ ಸಾಯುವವನು ದುಡಿಯುವ ಮನುಷ್ಯ.

"ಅಗ್ಗದ ಟೈರೆಲ್ಲ ಕೆಟ್ಟದ್ದು ಅಂತ ಬರೀಬೇಡ್ರಿ ಮೇಷ್ಟ್ರೇ" ಎಂದರು ಹಿರಿಯ ಚಾಲಕರೊಬ್ಬರು. "ಗಾಳಿ ಸರಿ ಇದ್ದು, ಲೋಡು ಸರಿ ಇದ್ರೆ ಅದೂ ಓಡ್ತದೆ. ಹಿಂದಿನ ಜೋಡಿ ಗಾಲಿಗೆ ರೀಬಟನ್ ಟೈರು ನಾವೇ ಹಾಕಿಸ್ತೀವಿ. ಮುಂದಿನ ಗಾಲಿಗೂ ಅದನ್ನೇ ಹಾಕಿ, ಮೇಲೆ ಐದು ಟನ್ ಹೆಚ್ಚಿಗೆ ಹೇರಿ ಕಳಿಸ್ತಾರಲ್ಲ, ಅಲ್ಲಿ ಬರ್ತದೆ ಗಂಡಾಂತರ."

ಅವರ ಮಾತು ನಿಜ. ಭಾರ ಹೆಚ್ಚಿ ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಕಾಯುತ್ತದೆ. ಕಾದ ರಬ್ಬರು ಒಳಪದರಗಳಿಂದ ಬಿಟ್ಟುಕೊಳ್ಳುತ್ತದೆ. ಹಿಂದಿನ ಜೋಡಿಯಲ್ಲಿ ಒಂದು ಸಿಡಿದರೆ ಇನ್ನೊಂದು ಸ್ವಲ್ಪ ದೂರ ಭಾರ ಹೊರುತ್ತದೆ. ಮುಂದಿನದು ಸಿಡಿದರೆ ಸ್ಟೇರಿಂಗು ಚಾಲಕನ ಕೈ ಮೀರುತ್ತದೆ.

ಕಾನೂನು ಇಲ್ಲವೆಂದಲ್ಲ. ಲಾರಿಯ ಟೈರಿನ ಹಲ್ಲು 1.6 ಮಿಲಿಮೀಟರಿಗಿಂತ ಸವೆದಿರಬಾರದು. 2019ರ ತಿದ್ದುಪಡಿಯಂತೆ ಅತಿಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ತಪ್ಪಿತಸ್ಥನೆಂದು ಅದೇ ಕಾನೂನು ಹೇಳುತ್ತದೆ. ಆದರೆ ರಸ್ತೆಯಲ್ಲಿ ಕೈಗೆ ಸಿಗುವವನು ಚಾಲಕನೊಬ್ಬನೇ.

ಸಾಲದ ಕಂತು ಕಟ್ಟುವ ಒಂದೇ ಲಾರಿಯ ಮಾಲೀಕನನ್ನೂ ನಾವು ಬಲ್ಲೆವು. ಅವನು ಅಗ್ಗದ ಟೈರು ಹುಡುಕುವುದು ದುರಾಸೆಯಿಂದಲ್ಲ. 2011-12ರಲ್ಲಿ ದೇಶದ ಐದು ದೊಡ್ಡ ಟೈರು ಕಂಪನಿಗಳು ಒಳಗೊಳಗೇ ಕೂಡಿಕೊಂಡು ಬೆಲೆ ಏರಿಸಿದವೆಂದು ಭಾರತೀಯ ಸ್ಪರ್ಧಾ ಆಯೋಗ 2018ರಲ್ಲಿ ತೀರ್ಮಾನಿಸಿ, ಒಟ್ಟು 1,788 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಆ ಆದೇಶ ಬೆಳಕಿಗೆ ಬಂದದ್ದು 2022ರಲ್ಲಿ. ಅದೇ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಿತು. ಕಂಪನಿಗಳಿಗೆ ವಾದಿಸಲು ವರ್ಷಗಟ್ಟಲೆ ಅವಕಾಶ. ಸವೆದ ಟೈರಿನ ಮೇಲೆ ಘಾಟಿ ಇಳಿಯುವವನಿಗೆ ಎಷ್ಟು ಕ್ಷಣ ಅವಕಾಶ?

2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಆ ಉಳಿತಾಯ ಮೊದಲು ಮುಂದಿನ ಎರಡು ಗಾಲಿಗೆ ಸಲ್ಲಲಿ. ಸವೆದ ಟೈರಿನ ಗಾಡಿ ಓಡಿಸಲಾರೆನೆಂದ ಚಾಲಕನ ಕೂಲಿ ಕಡಿಯಬಾರದು. ಅತಿಭಾರದ ದಂಡವನ್ನು ಅವನ ಸಂಬಳದಿಂದ ಮುರಿಯಬಾರದು. ಇವು ನಮ್ಮ ಬೇಡಿಕೆಗಳು.

ಚಾಲಕರಿಗೂ ಒಂದು ಮಾತು: ಟೈರಿನ ಪಕ್ಕೆಯ ಮೇಲೆ ತಯಾರಾದ ಕಾಲವನ್ನು ಹೇಳುವ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಹೊಸದೆಂದು ಹಳೆಯದನ್ನು ದಾಟಿಸುವವರಿದ್ದಾರೆ. ಓದಿ ನೋಡಿ ಕೊಳ್ಳಿರಿ.

ವ್ಯಾಪಾರಿ ಮಿತ್ರರೇ, ಬಾಡಿಗೆ ಉಳಿಸಲು "ಇನ್ನು ಹತ್ತು ಮೂಟೆ ಹಾಕ್ರಿ" ಎನ್ನುವಾಗ ಒಮ್ಮೆ ಗಾಲಿಯ ಕಡೆ ಬಗ್ಗಿ ನೋಡಿರಿ. ಆ ಗಾಡಿಯಲ್ಲಿ ನಿಮ್ಮ ಸರಕಿನ ಜೊತೆ ಒಬ್ಬ ಚಾಲಕನೂ ಒಬ್ಬ ಕ್ಲೀನರ್ ಹುಡುಗನೂ ಹೋಗುತ್ತಾರೆ.