ಮನೆ ಕೊಳ್ಳುವ ಮುನ್ನ ಗೋಡೆ ಮುಟ್ಟಿ ನೋಡಿ

ಮೈಸೂರು, ತುಮಕೂರಿನಂಥ ಊರುಗಳಲ್ಲಿ ಒಳ್ಳೆಯ ಮನೆ ಮಾರಾಟಕ್ಕೆ ಬಂದರೆ ನಾಲ್ಕಾರು ಮಂದಿ ಕೇಳಲು ಬರುತ್ತಾರೆ. 'ಇಂದೇ ಮುಂಗಡ ಕೊಡಿ, ನಾಳೆಗೆ ಉಳಿಯುವುದಿಲ್ಲ' ಎಂದು ದಲ್ಲಾಳಿ ಅವಸರಪಡಿಸುತ್ತಾನೆ. ಆ ಗಡಿಬಿಡಿಯಲ್ಲೂ ನಮ್ಮವರು ಋಣಭಾರ ಪತ್ರ, ಖಾತೆ, ವಾಸ್ತು ಎಲ್ಲವನ್ನೂ ನೋಡುತ್ತಾರೆ. ತೇವ, ನೀರು ನೋಡುವವರು ಕಡಿಮೆ.

ಹೊಸ ಬಣ್ಣದಡಿ ಗೋಡೆಯ ತೇವ ಅಡಗಿರುತ್ತದೆ. ಮಳೆ ಬಿದ್ದ ಮಾರನೆಯ ದಿನ ಹೋಗಿ, ಬಚ್ಚಲಿಗೆ ತಾಗಿದ ಗೋಡೆ ಮುಟ್ಟಿ ನೋಡಿ, ಬೀರುವಿನ ಹಿಂಬದಿ ಮೂಸಿ ನೋಡಿ. ಬೂಷ್ಟು ಹಿಡಿದ ಮನೆಯಲ್ಲಿ ಆಸ್ತಮಾ ಇರುವ ಮಕ್ಕಳ ಉಬ್ಬಸ ಔಷಧಿ ಕೊಟ್ಟರೂ ಸುಲಭವಾಗಿ ಹತೋಟಿಗೆ ಬರುವುದಿಲ್ಲ.

ಕೊಳವೆ ಬಾವಿಯ ನೀರನ್ನೇ ಕುಡಿಯಬೇಕಾದರೆ ಪರೀಕ್ಷೆ ಮಾಡಿಸಿ. ಕೋಲಾರ, ಪಾವಗಡದ ಕಡೆ ಫ್ಲೋರೈಡಿನ ತೊಂದರೆ ಹಳೆಯದು. ಅದು ಲೀಟರಿಗೆ 1.5 ಮಿ.ಗ್ರಾಂ. ಮೀರಿದ ನೀರು ಕುಡಿಯಲು ಯೋಗ್ಯವಲ್ಲ; ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ, ಮಿತಿ ಬಹಳ ಮೀರಿದರೆ ಮೂಳೆಗೂ ಹಾನಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗದು.

ಇನ್ನು ಸಾಲದ ಮಾತು. ಕಂತು ತುಂಬಲೆಂದು ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವ ಯಜಮಾನರನ್ನು ನಾನು ಕಾಣುತ್ತಿರುತ್ತೇನೆ. ಇಪ್ಪತ್ತು ವರ್ಷ ದುಡಿದು ಸಾಲ ತೀರಿಸಬೇಕಾದವರೂ ಅವರೇ ಅಲ್ಲವೇ? ಪಾರ್ಶ್ವವಾಯು ಬಡಿದರೆ ಬ್ಯಾಂಕು ಕಂತು ಬಿಡುವುದಿಲ್ಲ. ಆದ್ದರಿಂದ ಮಾತ್ರೆ, ಆರೋಗ್ಯ ವಿಮೆ, ಆರು ತಿಂಗಳ ಮನೆಖರ್ಚು ಇಷ್ಟನ್ನು ತೆಗೆದಿಟ್ಟ ಮೇಲೆ ಬಜೆಟ್ ಗೊತ್ತುಮಾಡಿಕೊಳ್ಳಿ. ಒಂದು ಕೋಣೆ ಕಡಿಮೆಯಾದರೆ ಆಗಲಿ. ದಲ್ಲಾಳಿ ಕಾಯದಿದ್ದರೆ ಬಿಡಿ, ಇನ್ನೊಂದು ಮನೆ ಸಿಕ್ಕೀತು.