ಹದಿಮೂರರ ಕಿರೀಟ, ಆಮೇಲಿನ ದಾರಿ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಮಕ್ಕಳ ಆಟದ ವಿಷಯ ಬಂದಾಗಲೆಲ್ಲ ತಂದೆತಾಯಿಯರ ಬಾಯಲ್ಲಿ ಬಂದೇ ಬರುತ್ತದೆ. 2016ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಮುಗಿದ ವಿಶ್ವ ಜೂನಿಯರ್ ಟೇಬಲ್ ಟೆನಿಸ್ ಚಾಂಪಿಯನ್‌ಷಿಪ್ ಈ ಗಾದೆಗೆ ಹೇಳಿ ಮಾಡಿಸಿದಂತಿತ್ತು. ಅದು 18 ವರ್ಷದೊಳಗಿನವರ ಕೂಟ. ಅಲ್ಲಿ ಬಾಲಕರ ಸಿಂಗಲ್ಸ್ ಪ್ರಶಸ್ತಿ ಗೆದ್ದ ಜಪಾನಿನ ತೊಮೊಕಾಜು ಹರಿಮೊಟೊಗೆ ಆಗ ವಯಸ್ಸು ಬರೀ 13! ಅಷ್ಟು ಚಿಕ್ಕವರಾರೂ ಅದಕ್ಕೆ ಮೊದಲು ಆ ಪ್ರಶಸ್ತಿ ಗೆದ್ದಿರಲಿಲ್ಲ.

ಹರಿಮೊಟೊನ ತಂದೆ ಮತ್ತು ತಾಯಿ ಇಬ್ಬರೂ ಚೀನಾದಿಂದ ಜಪಾನಿಗೆ ಬಂದು ನೆಲೆಸಿದ ಟೇಬಲ್ ಟೆನಿಸ್ ಆಟಗಾರರು. ತಾಯಿ ಚೀನಾದ ತಂಡದಲ್ಲಿ ಆಡಿದವರು. ಮಗ ಮಾತು ಕಲಿಯುವ ಹೊತ್ತಿಗೇ ಬ್ಯಾಟ್ ಹಿಡಿದ. ಆಟ ಅವನಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ, ಮನೆಮಾತು.

ವಿಶ್ವ ಜೂನಿಯರ್ ಕೂಟ ಮೊದಲು ನಡೆದದ್ದು 2003ರಲ್ಲಿ, ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ. ಮರುವರ್ಷ ಜಪಾನಿನ ಕೋಬೆಯಲ್ಲಿ ಸಿಂಗಲ್ಸ್ ಗೆದ್ದ ಚೀನಾದ ಮಾ ಲಾಂಗ್ ಮುಂದೆ ಎರಡು ಬಾರಿ ಒಲಿಂಪಿಕ್ ಸಿಂಗಲ್ಸ್ ಚಿನ್ನ ಗೆದ್ದ. 2012ರಲ್ಲಿ ಈ ಕೂಟ ನಮ್ಮ ಹೈದರಾಬಾದಿಗೂ ಬಂದಿತ್ತು. 2021ರಿಂದ ಇದರ ಜಾಗದಲ್ಲಿ ವಿಶ್ವ ಯುವ ಚಾಂಪಿಯನ್‌ಷಿಪ್ ನಡೆಯುತ್ತಿದ್ದು, 19 ಮತ್ತು 15 ವರ್ಷದೊಳಗಿನವರಿಗೆ ಬೇರೆ ಬೇರೆ ವಿಭಾಗಗಳಿವೆ.

ಈ ಆಟವನ್ನು ಎಳವೆಯಲ್ಲೇ ಕಲಿಯಬೇಕೆನ್ನುವುದಕ್ಕೆ ಕಾರಣವಿದೆ. ಚೆಂಡಿನ ತೂಕ 2.7 ಗ್ರಾಂ, ಮೇಜಿನ ಉದ್ದ 2.74 ಮೀಟರ್. ಎದುರಾಳಿ ಹೊಡೆದ ಚೆಂಡು ಕಣ್ಣು ಮಿಟುಕಿಸುವುದರಲ್ಲಿ ಈಚೆ ಬಂದಿರುತ್ತದೆ. ಅದು ಯಾವ ಕಡೆ ತಿರುಗುತ್ತಿದೆ ಎಂದು ಯೋಚಿಸುತ್ತ ಕೂರಲು ವೇಳೆಯಿಲ್ಲ, ಕೈಗೇ ಗೊತ್ತಿರಬೇಕು. ಅದಕ್ಕಾಗಿ ಕೋಚ್ ಬುಟ್ಟಿ ತುಂಬ ಚೆಂಡು ಇಟ್ಟುಕೊಂಡು ಒಂದಾದಮೇಲೊಂದು ಎಸೆಯುತ್ತಾರೆ. ಹುಡುಗ ಅದೇ ಹೊಡೆತವನ್ನು ನೂರಾರು ಸಲ ಹೊಡೆಯುತ್ತಾನೆ. ಇದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಆ ಸಮಯ ಬರುವುದು ಎಲ್ಲಿಂದ? ಶಾಲೆಯಿಂದ, ನಿದ್ದೆಯಿಂದ, ಗೆಳೆಯರ ಜೊತೆಗಿನ ಸಂಜೆಗಳಿಂದ. ಅಪ್ಪ ಅಮ್ಮನ ಎದೆಯಲ್ಲಿ ಪ್ರಶ್ನೆ ಏಳುವುದೂ ಇಲ್ಲೇ: ಆಟವೋ, ಪಾಠವೋ?

ಚೆನ್ನೈನ ಜಿ. ಸತ್ಯನ್ 2011ರಲ್ಲಿ ಬಹರೇನ್‌ನ ಮನಾಮದಲ್ಲಿ ನಡೆದ ವಿಶ್ವ ಜೂನಿಯರ್ ಕೂಟದಲ್ಲಿ ಕಂಚು ಗೆದ್ದ ಭಾರತದ ಬಾಲಕರ ತಂಡದಲ್ಲಿದ್ದರು. ಆದರೂ ಓದು ಬಿಡಲಿಲ್ಲ. ಎಂಜಿನಿಯರಿಂಗ್ ಪದವಿ ಪಡೆದರು. 2018ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡ ಚಿನ್ನ, ಅದೇ ವರ್ಷ ಜಕಾರ್ತ ಏಷ್ಯನ್ ಕ್ರೀಡಾಕೂಟದ ತಂಡ ಕಂಚು. 2019ರಲ್ಲಿ ವಿಶ್ವ ರ‍್ಯಾಂಕಿಂಗ್‌ನ ಮೊದಲ 25ರೊಳಗೆ ಬಂದ ಮೊದಲ ಭಾರತೀಯ ಎನಿಸಿದರು. ಓದು ಅವರ ಆಟಕ್ಕೆ ಅಡ್ಡ ಬರಲಿಲ್ಲ.

ಬೆಂಗಳೂರಿನ ಅರ್ಚನಾ ಕಾಮತ್ ಕಥೆ ಇನ್ನೊಂದು ಬಗೆಯದು. 2018ರ ಅಕ್ಟೋಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ಯುವ ಒಲಿಂಪಿಕ್ಸ್‌ನಲ್ಲಿ ಆಕೆ ಸೆಮಿಫೈನಲ್ ತಲುಪಿದರು. ಅಲ್ಲಿ ಎದುರಾದವಳು ಅವರ ವಾರಿಗೆಯವಳೇ, ಚೀನಾದ ಸುನ್ ಯಿಂಗ್ಷಾ. ಅರ್ಚನಾ ಸೋತರು, ಕಂಚಿನ ಪಂದ್ಯದಲ್ಲೂ ಸೋತು ನಾಲ್ಕನೆಯವರಾದರು. ಸುನ್ ಮುಂದೆ ವಿಶ್ವ ಚಾಂಪಿಯನ್ ಆದಳು. ಅರ್ಚನಾ 2019ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಗೆ 1–3ರಿಂದ ಮಣಿದಾಗ, ಆ ಒಂದು ಗೆಲುವು ತಂದವರು ಅವರೇ. ಕೂಟ ಮುಗಿದ ಮೇಲೆ, 24ನೇ ವಯಸ್ಸಿನಲ್ಲಿ, ವೃತ್ತಿಪರ ಆಟ ಬಿಟ್ಟು ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮಾಡಲು ನಿರ್ಧರಿಸಿದರು.

ಆಟಕ್ಕೆ ಕೊಟ್ಟ ವರ್ಷಗಳೆಲ್ಲ ನೀರಿನಲ್ಲಿ ಹೋಮವಾದವೇ ಎಂದು ಕೇಳುವವರಿರಬಹುದು. ಓದನ್ನು ಕೈಬಿಡದೆ ಆಡಿದ್ದರಿಂದಲೇ ಆಕೆಗೆ ಎರಡು ಬಾಗಿಲು ತೆರೆದಿದ್ದವು ಎಂಬುದನ್ನು ಅಂಥವರು ಮರೆಯುತ್ತಾರೆ. ಒಂದೇ ಬಾಗಿಲಿದ್ದ ಮನೆಯಲ್ಲಿ ಸೋಲು ಬಂದು ಕೂತರೆ ಹೊರಹೋಗಲು ದಾರಿ ಇರುವುದಿಲ್ಲ.

ಇನ್ನು ಹರಿಮೊಟೊ? 15ನೇ ವಯಸ್ಸಿಗೇ ದೊಡ್ಡವರ ವಿಶ್ವ ಟೂರ್ ಗ್ರ್ಯಾಂಡ್ ಫೈನಲ್ಸ್ ಗೆದ್ದ. ಆದರೆ ಒಲಿಂಪಿಕ್ ಸಿಂಗಲ್ಸ್ ಪದಕ ಟೋಕಿಯೊದಲ್ಲೂ ಸಿಗಲಿಲ್ಲ, ಪ್ಯಾರಿಸ್‌ನಲ್ಲೂ ಸಿಗಲಿಲ್ಲ. ಹದಿಮೂರರಲ್ಲಿ ತೊಟ್ಟ ಕಿರೀಟವೂ ಮುಂದಿನ ಎಲ್ಲ ಗೆಲುವಿಗೆ ಮುಚ್ಚಳಿಕೆ ಬರೆದುಕೊಡುವುದಿಲ್ಲ.

ಮೊಳಕೆ ನೋಡಿ ಹಿಗ್ಗುವುದು ತಪ್ಪಲ್ಲ. ಆದರೆ ಬೇಗ ಬೆಳೆಯಲೆಂದು ಅದನ್ನು ದಿನವೂ ಎಳೆದು ನೋಡುವ ರೈತನಿಲ್ಲ. ಪಂದ್ಯ ಸೋತು ಬಂದ ಮಗುವಿಗೆ ‘ಸ್ಕೋರ್ ಎಷ್ಟು’ ಎಂದು ಕೇಳುವ ಮೊದಲು ‘ಊಟ ಆಯ್ತಾ’ ಎಂದು ಕೇಳುವ ಮನೆಯಲ್ಲಿ ಆಟವೂ ಉಳಿಯುತ್ತದೆ, ಪಾಠವೂ ಉಳಿಯುತ್ತದೆ.